ಡಿಸ್ಕಿನ ಕೆಳಗಿನ ಡಿಸ್ಕು

ಒಂದೇ ಕಂಪ್ಯೂಟರನ್ನು ಹಲವು ಸ್ವತಂತ್ರ ಕಂಪ್ಯೂಟರುಗಳಂತೆ ವಿಂಗಡಿಸಿ ಬಳಸುವ ಏರ್ಪಾಡಿಗೆ ತಾರ್ಕಿಕ ವಿಭಜನೆ ಎಂದು ಹೆಸರು. ಹಾಗೆ ವಿಂಗಡಿಸಿದ ಒಂದೊಂದು ಪಾಲನ್ನೂ ಆ ಕೆಲಸದಲ್ಲಿರುವವರು ಎಲ್‌ಪಾರ್ ಎಂದು ಕರೆಯುತ್ತಾರೆ. ಪ್ರತಿಯೊಂದು ಎಲ್‌ಪಾರ್‌ಗೂ ತನ್ನದೇ ಆದ ಆಪರೇಟಿಂಗ್ ಸಿಸ್ಟಮ್, ತನ್ನದೇ ಮೆಮೊರಿ, ಪ್ರೊಸೆಸರಿನಲ್ಲಿ ತನ್ನದೇ ಪಾಲು ಇರುತ್ತವೆ, ಮತ್ತು ಒಂದರ ಪಾಲಿಗೆ ಇನ್ನೊಂದು ಕೈಹಾಕದಂತೆ ಹೈಪರ್‌ವೈಸರ್ ಎಂಬ, ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಿಗಿಂತ ಕೆಳಗಿನ ಪದರದಲ್ಲಿರುವ ತಂತ್ರಾಂಶ ಕಾಯುತ್ತದೆ. ಮೆಮೊರಿಯನ್ನೂ ಪ್ರೊಸೆಸರನ್ನೂ ಹೀಗೆ ಹಂಚುವುದು ಸುಲಭ. ಡಿಸ್ಕನ್ನು ಹಂಚುವುದು ಅಷ್ಟು ಸುಲಭವಲ್ಲ. ಒಂದು ವಿಭಾಗದ ವಶದಲ್ಲಿರುವ ನಿಜವಾದ ಡಿಸ್ಕುಗಳ ಮೇಲೆ ಇಂತಿಷ್ಟು ಜಾಗವನ್ನು ಕಾದಿರಿಸಿ, ಆ ಜಾಗವನ್ನೇ ಇನ್ನೊಂದು ವಿಭಾಗಕ್ಕೆ ಇಡಿಯ ಡಿಸ್ಕೆಂಬಂತೆ ತೋರಿಸುವ ಉಪಾಯಕ್ಕೆ ವರ್ಚುವಲ್ ಡಿಸ್ಕ್ ಎನ್ನುತ್ತಾರೆ, ಮತ್ತು ಜಾಗ ಕೊಡುವ ವಿಭಾಗವನ್ನು ಹೋಸ್ಟ್ ಎಂದೂ ಪಡೆಯುವ ವಿಭಾಗವನ್ನು ಕ್ಲೈಂಟ್ ಎಂದೂ ಗುರುತಿಸುತ್ತಾರೆ. ಪಡೆದವನಿಗೆ ಅದು ಡಿಸ್ಕಿನಂತೆಯೇ ಕಾಣುತ್ತದೆ, ಡಿಸ್ಕಿನಂತೆಯೇ ವರ್ತಿಸುತ್ತದೆ, ಆದರೆ ಅದು ಯಾವ ಲೋಹದ ತಟ್ಟೆಯ ಮೇಲೆ ಕೂತಿದೆ ಎಂಬುದು ಅವನಿಗೆ ತಿಳಿಯುವುದಿಲ್ಲ. ತಿಳಿಯಬೇಕಾಗಿಲ್ಲ ಎಂಬುದೇ ಈ ವಿನ್ಯಾಸದ ಹೆಗ್ಗಳಿಕೆ ಎಂದು ಬಹುಕಾಲ ಕಲಿಸಲಾಗಿದೆ.

ಆ ಕಲಿಕೆಯನ್ನು ಮತ್ತೆ ತೂಗಿನೋಡುವ ಸಂದರ್ಭ ಈಚೆಗೆ ಒದಗಿತು. ಐಬಿಎಂ ಕಂಪನಿ 2025ರ ಜುಲೈಯಲ್ಲಿ ತನ್ನ ಪವರ್11 ಪೀಳಿಗೆಯ ಯಂತ್ರಗಳನ್ನು ಪ್ರಕಟಿಸಿದ ಮೇಲೆ, ಹಳೆಯ ಪೀಳಿಗೆಯ ಯಂತ್ರಗಳನ್ನು ಇಟ್ಟುಕೊಂಡಿರುವ ಸಂಸ್ಥೆಗಳಲ್ಲಿ ಬದಲಾವಣೆಯ ಲೆಕ್ಕಾಚಾರ ನಡೆದಿದೆ, ಮತ್ತು ಅಂಥ ಬೆಂಗಳೂರಿನ ತಯಾರಿಕಾ ಸಂಸ್ಥೆಯೊಂದು ತನ್ನ ಯಂತ್ರದ ಮೊದಲ ವಿಭಜನಾ ನಕ್ಷೆಗಳನ್ನು ಓದಿ ವಿವರಿಸಬಲ್ಲವರನ್ನು ಹುಡುಕಿದಾಗ, ಬಹಳ ವರ್ಷಗಳ ಹಿಂದೆ ಅಲ್ಲಿ ಕೆಲಸ ಮಾಡಿ ಈಗ ತೊರವಿಗೆ ಮರಳಿ ಮನೆಯಿಂದಲೇ ದುಡಿಯುತ್ತಿರುವ ಈ ಲೇಖಕನಿಗೆ ಆ ಹಾಳೆಗಳು ಬಂದವು. ಸ್ಕ್ಯಾನ್ ಮಾಡಿದ ಹಾಳೆಗಳಲ್ಲಿ ಅಚ್ಚಾದ ಕೋಷ್ಟಕಗಳಿಗಿಂತ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳೇ ಹೆಚ್ಚಾಗಿದ್ದವು. ಪ್ರತಿಯೊಂದು ವರ್ಚುವಲ್ ಡಿಸ್ಕಿನ ಹೆಸರಿನ ಎದುರು ಅದು ಯಾವ ಹೋಸ್ಟಿನ ಯಾವ ಡಿಸ್ಕ್ ಗುಂಪಿನ ಮೇಲೆ, ಯಾವ ಕಂಟ್ರೋಲರಿನ ಕೆಳಗೆ, ಕಪಾಟಿನ ಯಾವ ಮಟ್ಟದಲ್ಲಿದೆ ಎಂಬುದನ್ನು ಸಣ್ಣ ದುಂಡು ಅಕ್ಷರಗಳಲ್ಲಿ ಗುರುತು ಹಾಕಲಾಗಿತ್ತು. ಆ ಕೈಬರಹ ಯಾರದೆಂಬುದು ನೋಡಿದ ಕೂಡಲೇ ಗೊತ್ತಾಯಿತು.

ತೊರವಿ ವಿಜಯಪುರ ನಗರದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ದೂರದ ಊರು. ನರಸಿಂಹನ ಗುಡಿಯಿಂದಲೂ, ಆ ದೇವರ ಅಂಕಿತದಲ್ಲಿ ಕುಮಾರವಾಲ್ಮೀಕಿ ರಚಿಸಿದ ತೊರವೆ ರಾಮಾಯಣದಿಂದಲೂ ಅದರ ಹೆಸರು ಕನ್ನಡನಾಡಿನಲ್ಲೆಲ್ಲ ಕೇಳಿಬರುತ್ತದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಎಂಬ ಹೊಸ ನಗರವನ್ನು ಕಟ್ಟಲು ಆರಂಭಿಸಿದ್ದು ಇಲ್ಲಿಯೇ, ಮತ್ತು 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕು ಅದು ಹಾಳಾದ ಮೇಲೆ ಉಳಿದ ಸಂಗೀತ ಮಹಲಿನ ಗೋಡೆಗಳು ಇಂದಿಗೂ ನಿಂತಿವೆ. ಇಂದು ಇದೇ ತೊರವಿಯ ನೆಲದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕಟ್ಟಡಗಳಿದ್ದು, ಅಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಓದುವ ಹೆಣ್ಣುಮಕ್ಕಳು ಟಿಕೋಟಾ, ಬಬಲೇಶ್ವರದ ಬಸ್ಸುಗಳಲ್ಲಿ ಬಂದಿಳಿಯುವುದನ್ನು ದಿನವೂ ಕಾಣಬಹುದು. ಈ ಲೇಖಕನ ಬಾಲ್ಯದಲ್ಲಿ ಅಲ್ಲಿ ಜೋಳದ ಹೊಲಗಳಿದ್ದವು, ಮತ್ತು ಊರಿಗೆ ಅತಿ ಸಮೀಪದ ಕಂಪ್ಯೂಟರು ಎಂದರೆ ಆಗಿನ್ನೂ ಬಿಜಾಪುರವೆಂದು ಕರೆಯಲಾಗುತ್ತಿದ್ದ ನಗರದ, 1980ರಲ್ಲಿ ಆರಂಭವಾದ, ಬಿಎಲ್‌ಡಿಇ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇತ್ತು. ಆ ಕಾಲೇಜಿನಲ್ಲಿ ಓದಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ಹುಡುಗರ ಸಾಲಿನಲ್ಲಿ ಈತನೂ ಒಬ್ಬ.

ಆ ಕಾಲದ ಬೆಂಗಳೂರಿನಲ್ಲಿ ಎಲ್ಲರೂ ಜಾವಾ, ಅಂತರಜಾಲ ಎಂದು ಮಾತಾಡುತ್ತಿದ್ದಾಗ ಈತನಿಗೆ ಸಿಕ್ಕದ್ದು ಎಎಸ್/400 ಎಂಬ ಯಂತ್ರದ ಕೋಣೆ. 1988ರ ಜೂನ್ 21ರಂದು ಐಬಿಎಂ ಪ್ರಕಟಿಸಿದ, ಅಮೆರಿಕದ ಮಿನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿ ರೂಪುಗೊಂಡ ಈ ಯಂತ್ರ ಮಧ್ಯಮ ಗಾತ್ರದ ವ್ಯಾಪಾರಿ ಸಂಸ್ಥೆಗಳಿಗಾಗಿಯೇ ಹುಟ್ಟಿದ್ದು. 1978ರಲ್ಲಿ ಭಾರತವನ್ನು ಬಿಟ್ಟುಹೋಗಿದ್ದ ಐಬಿಎಂ 1992ರಲ್ಲಿ ಟಾಟಾ ಸಮೂಹದ ಜೊತೆಗೂಡಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ಮರಳಿತು, ಮತ್ತು ಈ ಯಂತ್ರಗಳಲ್ಲಿ ಪಳಗಿದ ಒಂದು ಸಣ್ಣ ಇಂಜಿನಿಯರ್ ವರ್ಗ ಆ ದಶಕದಲ್ಲಿ ಇಲ್ಲಿ ಬೆಳೆಯಿತು. ಯಂತ್ರದ ಹೆಸರು ಐಸೀರೀಸ್, ಐ5, ಸಿಸ್ಟಮ್ ಐ ಎಂದು ಹಲವು ಬಾರಿ ಬದಲಾದರೂ, 2008ರಲ್ಲಿ ಅದು ಪವರ್ ಸಿಸ್ಟಮ್ಸ್ ಎಂಬ ಒಂದೇ ಮನೆತನದಲ್ಲಿ ಸೇರಿ ಅದರ ಆಪರೇಟಿಂಗ್ ಸಿಸ್ಟಮ್‌ಗೆ ಐಬಿಎಂ ಐ ಎಂಬ ಹೆಸರು ಬಂದರೂ, ಕೋಣೆಯಲ್ಲಿದ್ದವರ ಬಾಯಲ್ಲಿ ಅದು ಕೊನೆಯವರೆಗೂ ಎಎಸ್/400 ಆಗಿಯೇ ಉಳಿಯಿತು.

ಈ ಯಂತ್ರದ ಒಂದು ಗುಣವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗುವುದಿಲ್ಲ. 1978ರ ಸಿಸ್ಟಮ್/38ರಿಂದ ಬಂದ, ಫ್ರಾಂಕ್ ಸೋಲ್ಟಿಸ್ ಅವರ ಹೆಸರಿನೊಡನೆ ಸೇರಿಹೋಗಿರುವ ಏಕಮಟ್ಟದ ಸಂಗ್ರಹ ಎಂಬ ಕಲ್ಪನೆಯಂತೆ, ಇಲ್ಲಿ ಮೆಮೊರಿಯೂ ಡಿಸ್ಕೂ ಸೇರಿ ಒಂದೇ ವಿಶಾಲವಾದ ವಿಳಾಸಗಳ ಹರವು. ಕಡತವೊಂದು ಯಾವ ಡಿಸ್ಕಿನಲ್ಲಿದೆ ಎಂದು ಬಳಕೆದಾರ ಕೇಳುವುದೇ ಇಲ್ಲ. ಯಂತ್ರ ಅದನ್ನು ತುಂಡುತುಂಡಾಗಿಸಿ ಎಎಸ್‌ಪಿ ಎಂದು ಕರೆಯುವ ಡಿಸ್ಕ್ ಗುಂಪಿನ ಎಲ್ಲ ಡಿಸ್ಕುಗಳ ಮೇಲೂ ಹರಡಿಬಿಡುತ್ತದೆ. ಎಲ್ಲ ಡಿಸ್ಕುಗಳೂ ಎಲ್ಲ ಕೆಲಸಕ್ಕೂ ಹೆಗಲು ಕೊಡುವುದರಿಂದ ಯಾವುದೊಂದೂ ಬಸವಳಿಯುವುದಿಲ್ಲ. ಇದು ಸುಂದರವಾದ ಕಲ್ಪನೆ, ಇಂದಿಗೂ ಈ ಲೇಖಕನಿಗೆ ಅದರ ಬಗ್ಗೆ ಗೌರವ ತಗ್ಗಿಲ್ಲ. ಆದರೆ ಡಿಸ್ಕು ಎಲ್ಲಿದೆ ಎಂಬುದನ್ನು ಮರೆಸುವುದೇ ಸ್ವಭಾವವಾದ ಯಂತ್ರದ ಮೇಲೆ, ಮರೆಸುವುದೇ ಸ್ವಭಾವವಾದ ಇನ್ನೊಂದು ಪದರವನ್ನು ಹೊದಿಸಿದಾಗ ಏನಾಗುತ್ತದೆ ಎಂಬುದನ್ನು ಆಗ ಹೆಚ್ಚು ಜನ ಯೋಚಿಸಿರಲಿಲ್ಲ.

ಯೋಚಿಸಿದವರು ಆ ಕೋಣೆಯ ಹಿರಿಯ ಇಂಜಿನಿಯರೊಬ್ಬರು, ಹಾಳೆಗಳ ಅಂಚಿನ ಕೈಬರಹ ಅವರದೇ. ಟಾಟಾ ಮತ್ತು ಐಬಿಎಂ ಜೊತೆಗಿದ್ದ ಕಾಲದಲ್ಲಿ ಈ ಯಂತ್ರವನ್ನು ಕಲಿತವರು, ಹಳೇ ಮೈಸೂರಿನ ಕಡೆಯವರು, ಮಾತು ಕಡಿಮೆ. ಡಿಸ್ಕನ್ನು ಅವರು ಡಿಸ್ಕೆಂದು ಕರೆಯುತ್ತಿರಲಿಲ್ಲ, ಆರ್ಮು, ಅಂದರೆ ತೋಳು, ಎನ್ನುತ್ತಿದ್ದರು. ಇಷ್ಟು ಜಾಗ ಬೇಕು ಎಂದು ಯಾರಾದರೂ ಬಂದು ಕೇಳಿದರೆ, ಎಷ್ಟು ಜಿಬಿ ಎಂಬುದು ಆಮೇಲೆ, ಮೊದಲು ಎಷ್ಟು ಆರ್ಮು ಬೇಕು ಹೇಳಿ ಎನ್ನುತ್ತಿದ್ದರು. ಅವರ ಮಾತಿನ ಹಿಂದೆ ಸರಳವಾದ ಭೌತಶಾಸ್ತ್ರವಿತ್ತು. ಆಗಿನ 35 ಅಥವಾ 70 ಜಿಬಿ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 15,000 ಸುತ್ತು ತಿರುಗುತ್ತಿದ್ದವು. ಒಂದು ಸುತ್ತಿಗೆ 4 ಮಿಲಿಸೆಕೆಂಡು, ಆದ್ದರಿಂದ ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ 2 ಮಿಲಿಸೆಕೆಂಡು ಕಾಯಲೇಬೇಕು, ಅದಕ್ಕೆ ಮುಂಚೆ ಓದುವ ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನಷ್ಟು ಹೊತ್ತು. ಒಂದು ತೋಳು ಒಮ್ಮೆಗೆ ಒಂದೇ ಕಡೆ ಇರಬಲ್ಲದು. ದೊಡ್ಡ ಡಿಸ್ಕು ಅಗ್ಗವಾದಷ್ಟೂ ಅದೇ ಜಾಗಕ್ಕೆ ಕಡಿಮೆ ತೋಳುಗಳು ಸಾಕೆನಿಸುತ್ತವೆ, ಮತ್ತು ಖರೀದಿ ವಿಭಾಗದವರು ಸಂತೋಷಪಟ್ಟ ಅದೇ ತಿಂಗಳಿನಿಂದ ರಾತ್ರಿಯ ಬ್ಯಾಚ್ ಕೆಲಸ ಬೆಳಗಿನವರೆಗೂ ಎಳೆಯತೊಡಗುತ್ತದೆ.

ಎಎಸ್/400ಕ್ಕೆ ತಾರ್ಕಿಕ ವಿಭಜನೆ ಬಂದದ್ದು 1999ರಲ್ಲಿ, ವಿ4ಆರ್4 ಎಂಬ ಆವೃತ್ತಿಯೊಡನೆ. ದೊಡ್ಡ ಮೇನ್‌ಫ್ರೇಮ್‌ಗಳಲ್ಲಿ ಆ ಪದ್ಧತಿ ಅದಕ್ಕೆ ಒಂದು ದಶಕ ಹಿಂದೆಯೇ ಇತ್ತು. ಆ ಮೊದಲ ಘಟ್ಟದಲ್ಲಿ ಪ್ರತಿ ವಿಭಾಗಕ್ಕೂ ತನ್ನದೇ ನಿಜ ಡಿಸ್ಕುಗಳು, ಅವುಗಳನ್ನು ನಡೆಸುವ ತನ್ನದೇ ಕಾರ್ಡುಗಳು ಬೇಕಾಗಿದ್ದರಿಂದ ಗೊಂದಲಕ್ಕೆ ಎಡೆ ಇರಲಿಲ್ಲ, ಖರ್ಚು ಮಾತ್ರ ಹೆಚ್ಚು. 2001ರ ವಿ5ಆರ್1 ಆವೃತ್ತಿ ಲಿನಕ್ಸ್ ನಡೆಸುವ ವಿಭಾಗಗಳಿಗೆ ಹೋಸ್ಟಿನಿಂದ ಡಿಸ್ಕು ಎರವಲು ಕೊಡುವುದನ್ನು ತಂದಿತು, 2004ರ ಪವರ್5 ಯಂತ್ರಗಳು ಪ್ರೊಸೆಸರನ್ನು ಹತ್ತನೆಯ ಒಂದರಷ್ಟು ಚೂರಾಗಿ ಹಂಚಲು ಅವಕಾಶ ಕೊಟ್ಟವು, ಮತ್ತು ಅಲ್ಲಿಂದ ವಿಭಾಗಗಳ ಸಂಖ್ಯೆ ಬೆಳೆಯತೊಡಗಿತು. ಕೊನೆಗೆ 2008ರಲ್ಲಿ, ಪವರ್6 ಯಂತ್ರ ಮತ್ತು 6.1 ಆವೃತ್ತಿಯೊಡನೆ, ಒಂದು ಐಬಿಎಂ ಐ ವಿಭಾಗ ಇನ್ನೊಂದು ಐಬಿಎಂ ಐ ವಿಭಾಗಕ್ಕೆ ಡಿಸ್ಕು ಒದಗಿಸುವುದು ಸಾಧ್ಯವಾಯಿತು. ಈಗ ಬಂದಿರುವ ಹಾಳೆಗಳು ಆ ಕಾಲದವು.

ಎರವಲಿನ ಕ್ರಮ ಹೀಗಿತ್ತು. ಹೋಸ್ಟಿನಲ್ಲಿ ನೆಟ್‌ವರ್ಕ್ ಸ್ಟೋರೇಜ್ ಸ್ಪೇಸ್ ಎಂಬ, ಹೇಳಿದಷ್ಟು ಗಾತ್ರದ ಜಾಗವನ್ನು ಒಂದು ಕಮಾಂಡಿನಿಂದ ಸೃಷ್ಟಿಸಬೇಕು; ಹೋಸ್ಟಿನ ದೃಷ್ಟಿಗೆ ಅದು ಬರಿಯ ಒಂದು ದೊಡ್ಡ ವಸ್ತು, ಅದರೊಳಗೆ ಏನಿದೆ ಎಂಬುದು ಅದಕ್ಕೆ ಕಾಣದು. ಕ್ಲೈಂಟಿನ ಪರವಾಗಿ ಹೋಸ್ಟಿನಲ್ಲಿ ಸರ್ವರ್ ವಿವರಣೆಯೊಂದನ್ನು ಬರೆದು, ಆ ಜಾಗವನ್ನು ಅದಕ್ಕೆ ಕೊಂಡಿ ಹಾಕಿ, ವೇರಿ ಆನ್ ಮಾಡಬೇಕು, ಅಂದರೆ ಚಾಲ್ತಿಗೆ ತರಬೇಕು. ಇತ್ತ ಎಚ್‌ಎಂಸಿ ಎಂಬ ಮೇಲ್ವಿಚಾರಣಾ ಕನ್ಸೋಲಿನಲ್ಲಿ ಹೋಸ್ಟಿಗೊಂದು, ಕ್ಲೈಂಟಿಗೊಂದು ವರ್ಚುವಲ್ ಅಡಾಪ್ಟರ್ ಹುಟ್ಟಿಸಿ, ಅವೆರಡರ ಸ್ಲಾಟ್ ಸಂಖ್ಯೆಗಳು ಒಂದನ್ನೊಂದು ನೋಡುವಂತೆ ಬರೆಯಬೇಕು. 0 ಮತ್ತು 1ನೆಯ ಸ್ಲಾಟುಗಳು ಸೀರಿಯಲ್ ಕನ್ಸೋಲಿಗೆ ಮೀಸಲಾದ್ದರಿಂದ ಎಣಿಕೆ ಅದರಾಚೆಗೇ ಶುರುವಾಗಬೇಕು. ಕ್ಲೈಂಟ್ ಏಳುವಾಗ ತನಗೆ 6ಬಿ22 ಎಂಬ ಮಾದರಿಯ ಡಿಸ್ಕುಗಳಿವೆ ಎಂದು ನಂಬುತ್ತದೆ. ಅದು ಓದಲು ಕೇಳಿದ್ದನ್ನು ಹೋಸ್ಟ್ ತನ್ನ ನಿಜ ಡಿಸ್ಕುಗಳಿಂದ ಓದಿ, ಹೈಪರ್‌ವೈಸರಿನ ನೆರವಿನಿಂದ ನೇರವಾಗಿ ಕ್ಲೈಂಟಿನ ಮೆಮೊರಿಗೆ ತಲುಪಿಸುತ್ತದೆ.

ಇದೆಲ್ಲ ಕೆಲಸ ಮಾಡಿತು, ಚೆನ್ನಾಗಿಯೇ ಮಾಡಿತು. ಆದರೆ ಹೋಸ್ಟಿನ ಸ್ಟೋರೇಜ್ ಸ್ಪೇಸ್ ಕೂಡ ಏಕಮಟ್ಟದ ಸಂಗ್ರಹದ ನಿಯಮದಂತೆ ಹೋಸ್ಟಿನ ಗುಂಪಿನ ಎಲ್ಲ ಡಿಸ್ಕುಗಳ ಮೇಲೂ ಹರಡಿಕೊಂಡಿರುತ್ತದೆ. ಪರೀಕ್ಷಾ ವಿಭಾಗ, ಸಂಬಳದ ವಿಭಾಗ, ದಾಸ್ತಾನಿನ ವಿಭಾಗ ಎಂದು ನಕ್ಷೆಯಲ್ಲಿ ಮೂರು ಬಣ್ಣದ ಚೌಕಗಳಿದ್ದರೂ, ಮೂರರ ಓದುಬರಹವೂ ಕೊನೆಗೆ ಇಳಿಯುವುದು ಅವೇ ತೋಳುಗಳ ಮೇಲೆ. ಮೆಮೊರಿಯ ಗಡಿಯನ್ನು ಹೈಪರ್‌ವೈಸರ್ ಕಾಯುತ್ತದೆ, ಪ್ರೊಸೆಸರಿನ ಪಾಲನ್ನೂ ಅಳೆದು ಕೊಡುತ್ತದೆ. ತೋಳಿನ ಹೊತ್ತನ್ನು ಯಾರೂ ಅಳೆದು ಕೊಡುತ್ತಿರಲಿಲ್ಲ. ಪರೀಕ್ಷಾ ವಿಭಾಗದಲ್ಲಿ ಯಾರೋ ದೊಡ್ಡ ಕಡತವೊಂದರ ಸೂಚಿಯನ್ನು ಮತ್ತೆ ಕಟ್ಟಲು ಹಚ್ಚಿದರೆ ದಾಸ್ತಾನಿನ ಗುಮಾಸ್ತರ ಪರದೆಗಳು ನಿಧಾನವಾಗುತ್ತಿದ್ದವು, ಮತ್ತು ದಾಸ್ತಾನಿನ ವಿಭಾಗದೊಳಗೆ ಕುಳಿತು ಹುಡುಕುವವರಿಗೆ ಕಾರಣ ಎಂದೂ ಸಿಗುತ್ತಿರಲಿಲ್ಲ, ಏಕೆಂದರೆ ಕಾರಣ ಆ ವಿಭಾಗದೊಳಗೆ ಇರಲೇ ಇಲ್ಲ.

ಈ ಸ್ಥಿತಿಯನ್ನು ವಿವರಿಸಲು ತೊರವಿಯ ಮಣ್ಣಿಗಿಂತ ಒಳ್ಳೆಯ ದೃಷ್ಟಾಂತ ಈ ಲೇಖಕನಿಗೆ ಸಿಕ್ಕಿಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯ ನೆಲದಡಿಯ ನೀರನ್ನು ಸುರಂಗ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ರಾಜಧಾನಿಯತ್ತ ಹರಿಸುವ ಏರ್ಪಾಡು ಇತ್ತು, ಊರಿನವರು ಸುರಂಗ ಬಾವಡಿ ಎನ್ನುವುದು ಅದನ್ನೇ. ನಗರದಲ್ಲಿ ನೀರು ಸೇದಿಕೊಳ್ಳುವವರಿಗೆ ಸುರಂಗ ಕಾಣುತ್ತಿರಲಿಲ್ಲ, ಕಾಣಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಕಟ್ಟಿದವರು ಸುರಂಗದ ಉದ್ದಕ್ಕೂ ಅಲ್ಲಲ್ಲಿ ನೆಲದಿಂದ ನೇರವಾಗಿ ಕೆಳಕ್ಕಿಳಿಯುವ ಬಾಯಿಗಳನ್ನು ಬಿಟ್ಟಿದ್ದರು. ಗಾಳಿಗೂ, ಹೂಳೆತ್ತಲೂ, ಕೆಳಗೆ ಇಳಿದು ನೋಡಲೂ ಅವು ಬೇಕಾಗಿದ್ದವು. ಅಂಥ ಬಾಯೊಂದರ ಪಕ್ಕದ ಹೊಲದ ಮುದುಕರೊಬ್ಬರು ಹುಡುಗರು ಹತ್ತಿರ ಸುಳಿದರೆ ಗದರಿಸುತ್ತಿದ್ದರು, ಆದರೆ ತಾವೇ ಆಗಾಗ ಬಗ್ಗಿ ನೋಡುತ್ತಿದ್ದರು. ಏಕೆಂದು ಕೇಳಿದರೆ, ‘ಇಣುಕಿದರ ತಿಳೀತದ, ನೀರ ಅದನೋ ಹೂಳ ಅದನೋ’ ಎನ್ನುತ್ತಿದ್ದರು. ಆ ಬಾಯಿಗಳಲ್ಲಿ ಹಲವು ಇಂದು ಮಣ್ಣು, ಕಸ ತುಂಬಿ ಮುಚ್ಚಿಹೋಗಿವೆ. ಹಾಳೆಯ ಅಂಚಿನಲ್ಲಿ ಹಿರಿಯರು ಪೆನ್ಸಿಲಿನಿಂದ ಬರೆದದ್ದು ಅಂಥ ಬಾಯಿಗಳನ್ನೇ: ಮೇಲಿನ ಹೆಸರಿನಿಂದ ಕೆಳಗಿನ ಲೋಹದವರೆಗೆ ಇಳಿದು ನೋಡುವ ದಾರಿ.

ಆ ದಾರಿಯನ್ನು ಬರೆದಿಡದಿದ್ದರೆ ಎಂಥ ಭ್ರಮೆಗೆ ಎಡೆಯಾಗುತ್ತದೆ ಎಂಬುದಕ್ಕೆ ಕನ್ನಡಿ ರಕ್ಷಣೆಯ ಪ್ರಸಂಗ ಸಾಕು. ಒಂದೇ ಮಾಹಿತಿಯನ್ನು ಎರಡು ಡಿಸ್ಕುಗಳ ಮೇಲೆ ಬರೆದು, ಒಂದು ಕೆಟ್ಟರೆ ಇನ್ನೊಂದರಿಂದ ನಡೆಸುವ ಪದ್ಧತಿಗೆ ಮಿರರಿಂಗ್ ಎಂದು ಹೆಸರು. ಲೆಕ್ಕ ಪರಿಶೋಧಕರ ಪಟ್ಟಿಯಲ್ಲಿ ಮುಖ್ಯ ಮಾಹಿತಿ ಮಿರರ್ ಆಗಿರಬೇಕು ಎಂಬ ಸಾಲು ಇರುತ್ತಿತ್ತು, ಆದ್ದರಿಂದ ಆಗಿನ ಹಲವು ಯಂತ್ರ ಕೋಣೆಗಳಲ್ಲಿ ಕ್ಲೈಂಟಿಗೆ ಎರಡು ಪಟ್ಟು ವರ್ಚುವಲ್ ಡಿಸ್ಕು ಕೊಟ್ಟು, ಕ್ಲೈಂಟಿನೊಳಗೆ ಮಿರರಿಂಗ್ ಶುರುಮಾಡಿ, ಪರದೆಯ ಮೇಲೆ ಆಕ್ಟಿವ್ ಎಂಬ ಸ್ಥಿತಿಯನ್ನು ತೋರಿಸಿ ಸಹಿ ಪಡೆಯುವುದು ರೂಢಿಯಾಯಿತು. ಎರಡೂ ಪ್ರತಿಗಳು ಒಂದೇ ಹೋಸ್ಟಿನ ಒಂದೇ ಡಿಸ್ಕ್ ಗುಂಪಿನ ಮೇಲೆ ಕೂತಿದ್ದರೆ ಅದು ರಕ್ಷಣೆಯೇ ಅಲ್ಲ. ಹೋಸ್ಟಿನ ಗುಂಪು ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಅಷ್ಟೇ ಅಲ್ಲ, ಹೋಸ್ಟಿನ ನಿಜ ಡಿಸ್ಕುಗಳಿಗೆ ಆಗಲೇ ರೇಡ್-5 ಎಂಬ ರಕ್ಷಣೆ ಇರುತ್ತಿತ್ತು, ಅದರಲ್ಲಿ ಒಂದು ಸಣ್ಣ ಬರಹಕ್ಕೆ ಹಳೆಯ ಮಾಹಿತಿ, ಹಳೆಯ ಸರಿಹೊಂದಿಕೆಯ ಗುರುತು ಎರಡನ್ನೂ ಓದಿ, ಹೊಸ ಮಾಹಿತಿ, ಹೊಸ ಗುರುತು ಎರಡನ್ನೂ ಬರೆಯಬೇಕಾಗಿ 4 ಡಿಸ್ಕ್ ಕೆಲಸಗಳಾಗುತ್ತವೆ. ಮೇಲೆ ಮಿರರಿಂಗ್ ಸೇರಿದರೆ ಗುಮಾಸ್ತನ ಒಂದು ನಮೂದಿಗೆ 8. ಕಂಟ್ರೋಲರಿನ ಕ್ಯಾಶ್ ಮೆಮೊರಿ ಈ ಹೊರೆಯನ್ನು ಹಗಲಿನಲ್ಲಿ ಸ್ವಲ್ಪ ಮರೆಸುತ್ತಿತ್ತು, ರಾತ್ರಿಯ ಬ್ಯಾಚಿನಲ್ಲಿ ಅದಕ್ಕೂ ತಡೆಯಲಾಗುತ್ತಿರಲಿಲ್ಲ. ಹಿರಿಯ ಇಂಜಿನಿಯರು ಈ ಏರ್ಪಾಡಿಗೆ ಒಪ್ಪಿಗೆ ಕೊಡಲು ನಿರಾಕರಿಸಿದಾಗ, ಸುರಕ್ಷತೆಗೆ ಅಡ್ಡಬರುತ್ತಾರೆಂಬ ಮಾತು ಅವರ ಮೇಲೆ ಬಂದಿತು. ಕಿರಿಯರಲ್ಲಿ ಹೆಚ್ಚಿನವರು ಆಗ ಮೌನವಾಗಿದ್ದರು. ಮಿರರಿಂಗ್ ಬೇಕಿದ್ದರೆ ಎರಡು ಬೇರೆ ಹೋಸ್ಟುಗಳಿಂದ, ಬೇರೆ ಕಂಟ್ರೋಲರುಗಳಿಂದ, ಸಾಧ್ಯವಾದರೆ ಬೇರೆ ಕಪಾಟುಗಳಿಂದ ಒಂದೊಂದು ಪಾಲು ತರಬೇಕು ಎಂಬ ಅವರ ವಾದ ಇಂದು ಪಠ್ಯಪುಸ್ತಕದ ಮಾತಾಗಿದೆ.

ಜಾಗದ ಲೆಕ್ಕದಲ್ಲೂ ಇಂಥದೇ ತಕರಾರು. ಸ್ಟೋರೇಜ್ ಸ್ಪೇಸನ್ನು ಸೃಷ್ಟಿಸಿದ ಕ್ಷಣದಿಂದಲೇ ಅದರ ಪೂರ್ತಿ ಗಾತ್ರ ಹೋಸ್ಟಿನ ಲೆಕ್ಕದಲ್ಲಿ ಖರ್ಚಾಗಿರುತ್ತದೆ, ಕ್ಲೈಂಟ್ ಅದರಲ್ಲಿ ಒಂದಕ್ಷರ ಬರೆಯದಿದ್ದರೂ ಸರಿ. ಹೋಸ್ಟಿನ ಪರದೆ ಡಿಸ್ಕು ತುಂಬುತ್ತಿದೆ ಎನ್ನುತ್ತದೆ, ಕ್ಲೈಂಟಿನ ಪರದೆ ಬಹುಪಾಲು ಖಾಲಿ ಎನ್ನುತ್ತದೆ, ಎರಡೂ ನಿಜ. ಬಳಕೆ ಶೇಕಡಾ 90 ಮುಟ್ಟಿದರೆ ಎಚ್ಚರಿಕೆಯ ಸಂದೇಶ ಬರುವುದು ಈ ಯಂತ್ರದ ಮೂಲ ವ್ಯವಸ್ಥೆಯಾದ್ದರಿಂದ, ಹೋಸ್ಟನ್ನು ನೋಡಿಕೊಳ್ಳುವವರು ಹೊಸ ಡಿಸ್ಕಿಗೆ ಬೇಡಿಕೆ ಸಲ್ಲಿಸುತ್ತಿದ್ದರು, ಕ್ಲೈಂಟಿನ ಅಂಕಿಗಳನ್ನು ಹಿಡಿದ ಹಣಕಾಸಿನವರು ಅದನ್ನು ತಿರಸ್ಕರಿಸುತ್ತಿದ್ದರು. ಈ ಜಗಳಗಳು ಆಗ ಮನುಷ್ಯರ ಹಟದಿಂದ ಹುಟ್ಟಿದವೆಂದು ತೋರುತ್ತಿತ್ತು. ಈಗ ಹಿಂತಿರುಗಿ ನೋಡಿದರೆ ಅವು ವಿನ್ಯಾಸದಿಂದಲೇ ಹುಟ್ಟಿದವು ಎಂಬುದು ಸ್ಪಷ್ಟ: ಎರಡು ಪದರಗಳು ಒಂದೇ ವಸ್ತುವಿಗೆ ಬೇರೆಬೇರೆ ಲೆಕ್ಕ ಬರೆಯುತ್ತಿದ್ದವು, ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟು ಓದುವ ಹೊಣೆ ಯಾರದೂ ಆಗಿರಲಿಲ್ಲ.

ಹೋಸ್ಟ್ ನಿಂತರೆ ಕ್ಲೈಂಟುಗಳಿಗೆ ಡಿಸ್ಕೇ ಇಲ್ಲ ಎಂಬುದು ಹೇಳಲು ಸುಲಭ. ಅದನ್ನು ಕಣ್ಣಾರೆ ಕಂಡದ್ದು ಒಂದು ಭಾನುವಾರದ ರಾತ್ರಿ, ಹೋಸ್ಟಿಗೆ ತಿದ್ದುಪಡಿಗಳನ್ನು ಹಾಕಿ ಮತ್ತೆ ಆರಂಭಿಸಬೇಕಾಗಿದ್ದಾಗ. ಮೊದಲು ಕ್ಲೈಂಟುಗಳನ್ನು ಒಂದೊಂದಾಗಿ ನಿಲ್ಲಿಸಿ, ಆಮೇಲೆ ಸರ್ವರ್ ವಿವರಣೆಗಳನ್ನು ಚಾಲ್ತಿಯಿಂದ ತೆಗೆದು, ಕೊನೆಗೆ ಹೋಸ್ಟನ್ನು ನಿಲ್ಲಿಸಬೇಕು. ಆ ರಾತ್ರಿಯ ಪಾಳಿಗೆ ಕೊಟ್ಟಿದ್ದ ಸೂಚನಾಪಟ್ಟಿ ವಿಭಜನೆಗೆ ಮುಂಚಿನ ಕಾಲದ್ದು, ಅದರಲ್ಲಿ ಕ್ಲೈಂಟುಗಳ ಹೆಸರೇ ಇರಲಿಲ್ಲ. ಹೋಸ್ಟ್ ಇಳಿಯಿತು. ಎಚ್‌ಎಂಸಿ ಪರದೆಯಲ್ಲಿ ಕ್ಲೈಂಟ್ ವಿಭಾಗಗಳ ಎದುರು ಎ6 ಎಂದು ಶುರುವಾಗುವ ಸಂಕೇತಗಳು ಒಂದರ ಕೆಳಗೊಂದು ಮೂಡಿದವು, ಡಿಸ್ಕಿನ ಸಂಪರ್ಕ ತಪ್ಪಿದೆ ಎಂಬುದು ಅವುಗಳ ಅರ್ಥ. ಐಬಿಎಂ ಐ ಇಂಥ ಸ್ಥಿತಿಯಲ್ಲಿ ಕೂಡಲೇ ಕುಸಿದುಬೀಳುವುದಿಲ್ಲ. ಡಿಸ್ಕು ಮರಳುತ್ತದೆಂಬ ನಿರೀಕ್ಷೆಯಲ್ಲಿ ಇದ್ದಲ್ಲೇ ಸ್ತಬ್ಧವಾಗಿ ಕಾಯುತ್ತದೆ. ಪರದೆಗಳ ಮೇಲೆ ಅಕ್ಷರಗಳಿವೆ, ಕರ್ಸರು ಇದೆ, ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ಫೋನಿನಲ್ಲಿ ವಿಷಯ ತಿಳಿದ ಹಿರಿಯರು ಯಾವ ಕ್ಲೈಂಟನ್ನೂ ಮುಟ್ಟಬೇಡಿ, ಮೊದಲು ಹೋಸ್ಟನ್ನು ಏಳಿಸಿ ಎಂದಷ್ಟೇ ಹೇಳಿ, ಆಟೊ ಹಿಡಿದು ಬಂದು, ತಮ್ಮ ಪೆನ್ಸಿಲ್ ಹಾಳೆಯನ್ನು ಮುಂದಿಟ್ಟುಕೊಂಡು, ಯಾವ ಸ್ಟೋರೇಜ್ ಸ್ಪೇಸ್ ಯಾವ ಕ್ಲೈಂಟಿನದು ಎಂದು ನೋಡಿ ನೋಡಿ ವೇರಿ ಆನ್ ಮಾಡಿಸಿದರು. ಕಾದಿದ್ದ ಕ್ಲೈಂಟುಗಳಲ್ಲಿ ಹೆಚ್ಚಿನವು ನಿಂತಲ್ಲಿಂದಲೇ ಮುಂದುವರಿದವು, ಒಂದನ್ನು ಮಾತ್ರ ಮೊದಲಿನಿಂದ ಏಳಿಸಬೇಕಾಯಿತು. ಮರುದಿನ ಯಾರನ್ನೂ ಅವರು ದೂರಲಿಲ್ಲ. ಸೂಚನಾಪಟ್ಟಿಯನ್ನು ತಾವೇ ಹೊಸದಾಗಿ ಬರೆದು ಗೋಡೆಗೆ ಅಂಟಿಸಿದರು.

ಅವರ ಎಲ್ಲ ನಿಲುವುಗಳೂ ಸರಿಯಾಗಿದ್ದವೆಂದು ಹೇಳಲಾಗದು. ಡಿಸ್ಕು ಹಂಚುವುದಕ್ಕೆಂದೇ ಇರುವ ವಿಐಒಎಸ್ ಎಂಬ ಪ್ರತ್ಯೇಕ ವಿಭಾಗವನ್ನು ಐಬಿಎಂ 2004ರಿಂದ ಕೊಡುತ್ತಿತ್ತು, 2008ರಿಂದ ಐಬಿಎಂ ಐ ಕೂಡ ಅದರ ಕ್ಲೈಂಟ್ ಆಗಬಹುದಾಯಿತು, ಮತ್ತು ಅಂಥ ಎರಡು ವಿಭಾಗಗಳನ್ನು ಜೋಡಿಯಾಗಿ ನಿಲ್ಲಿಸಿದರೆ ಒಂದನ್ನು ದುರಸ್ತಿಗೆ ಇಳಿಸಿದಾಗ ಇನ್ನೊಂದು ಕೆಲಸ ನಡೆಸುತ್ತದೆ. ಹಿರಿಯರು ಅದನ್ನು ಬಹುಕಾಲ ದೂರವಿಟ್ಟರು. ಅದು ಯುನಿಕ್ಸ್ ಮನೆತನದ್ದು, ತಮ್ಮ ಯಂತ್ರದ ಸ್ವಭಾವಕ್ಕೆ ಹೊಂದದು ಎಂಬುದು ಅವರ ಆಕ್ಷೇಪ, ಮತ್ತು ಅದಕ್ಕೆ ಆಧಾರವಾಗಿ ಅವರು ಮುಂದಿಡುತ್ತಿದ್ದ ಲೆಕ್ಕವೊಂದು ಇಲ್ಲಿ ನೋಡತಕ್ಕದ್ದು. ಐಬಿಎಂ ಐ ತನ್ನ ಡಿಸ್ಕನ್ನು 520 ಬೈಟುಗಳ ತುಂಡುಗಳಾಗಿ ಕಾಣುತ್ತದೆ. 512 ಬೈಟು ಮಾಹಿತಿಗೆ, ಉಳಿದ 8 ಬೈಟು ಯಂತ್ರದ ಸ್ವಂತ ಗುರುತಿಗೆ. ವಿಐಒಎಸ್ ಮೂಲಕ ಬರುವ ಸಾಮಾನ್ಯ ಡಿಸ್ಕುಗಳ ತುಂಡು ಬರಿಯ 512. ಆದ್ದರಿಂದ 8 ತುಂಡುಗಳ 4,160 ಬೈಟುಗಳನ್ನು ಇಡಲು 512ರ 9 ತುಂಡುಗಳು, ಅಂದರೆ 4,608 ಬೈಟು ಬೇಕಾಗುತ್ತವೆ. ಒಂಬತ್ತರಲ್ಲಿ ಒಂದು ಪಾಲು ಹೀಗೆ ಹೋಗಿ, 90 ಜಿಬಿ ಕೊಟ್ಟರೆ ಕ್ಲೈಂಟಿಗೆ 80 ಜಿಬಿ ಕಾಣುತ್ತದೆ. ಲೆಕ್ಕ ಸರಿ. ಆದರೆ ಆ ಒಂಬತ್ತನೆಯ ಒಂದರ ಬೆಲೆಗಿಂತ, ಎರಡು ದಾರಿಗಳಿಂದ ಡಿಸ್ಕು ಪಡೆದು ಭಾನುವಾರದ ರಾತ್ರಿಗಳನ್ನು ತಪ್ಪಿಸಿಕೊಳ್ಳುವುದರ ಬೆಲೆ ದೊಡ್ಡದಾಗಿತ್ತು, ಅದನ್ನು ಅವರು ತೂಗಲಿಲ್ಲ. ತಾವು ಬೆಳೆದ ಯಂತ್ರದ ಮೇಲಿನ ಪ್ರೀತಿ ಅಲ್ಲಿ ಅವರ ತೀರ್ಮಾನವನ್ನು ಮಂಕಾಗಿಸಿತ್ತು ಎಂದು ಗೌರವದಿಂದಲೇ ಹೇಳಬೇಕಾಗಿದೆ.

ಆರ್ಮಿನ ವಿಷಯದಲ್ಲಿ ಮಾತ್ರ ಕಾಲ ಅವರನ್ನು ವಿಚಿತ್ರ ರೀತಿಯಲ್ಲಿ ಎತ್ತಿಹಿಡಿದಿದೆ. ತಿರುಗುವ ತಟ್ಟೆಗಳು ಹೋಗಿ ಫ್ಲಾಶ್ ಬಂದ ಮೇಲೆ ತೋಳು ಎಂಬುದೇ ಇಲ್ಲ, ಆದ್ದರಿಂದ ಒಂದು ವಿಭಾಗಕ್ಕೆ ಒಂದೇ ದೊಡ್ಡ ವರ್ಚುವಲ್ ಡಿಸ್ಕು ಕೊಟ್ಟರೆ ಸಾಕು ಎಂದು ಹೊಸಬರು ತರ್ಕಿಸುತ್ತಾರೆ. ಆದರೆ ಐಬಿಎಂ ಐ ತನಗೆ ಕಾಣುವ ಪ್ರತಿಯೊಂದು ಡಿಸ್ಕಿಗೂ ಬೇರೆ ಸರದಿಸಾಲನ್ನು ಇಟ್ಟುಕೊಳ್ಳುತ್ತದೆ, ಮತ್ತು ಒಂದು ಸಾಲಿನಲ್ಲಿ ಒಮ್ಮೆಗೆ ಕಳಿಸಬಹುದಾದ ಕೋರಿಕೆಗಳಿಗೆ ಮಿತಿ ಇದೆ. ಕೆಳಗೆ ಎಷ್ಟೇ ವೇಗದ ಫ್ಲಾಶ್ ಇದ್ದರೂ, ಮೇಲೆ ಒಂದೇ ಸಾಲಿದ್ದರೆ ಕೋರಿಕೆಗಳು ಮೇಲೆಯೇ ಕಾಯುತ್ತವೆ. ಹೀಗಾಗಿ ಒಂದು ದೊಡ್ಡದಕ್ಕಿಂತ ಸಮ ಗಾತ್ರದ ಹಲವು ಸಣ್ಣ ಡಿಸ್ಕುಗಳು ಒಳ್ಳೆಯದೆಂಬ ಹಳೆಯ ನಿಯಮ, ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಅಳಿದುಹೋದ ಮೇಲೂ, ಇನ್ನೊಂದು ಕಾರಣದಿಂದ ನಿಂತಿದೆ. ಅವರು ಇಂದು ಇದ್ದಿದ್ದರೆ ಇದನ್ನು ಕೇಳಿ ಸಂತೋಷಪಡುತ್ತಿದ್ದರು.

ಬೆಂಗಳೂರಿನ ಸಂಸ್ಥೆಗೆ ಈಗ ಸಿದ್ಧವಾಗಿರುವ ಹೊಸ ನಕ್ಷೆಯಲ್ಲಿ ಉತ್ಪಾದನೆಯ ಮುಖ್ಯ ವಿಭಾಗಕ್ಕೆ ಎನ್‌ಪಿಐವಿ ಎಂಬ ಕ್ರಮವನ್ನು ಸೂಚಿಸಲಾಗಿದೆ. ಇದರಲ್ಲಿ ವಿಐಒಎಸ್ ಬರಿಯ ದಾರಿಯಾಗಿ ನಿಂತು, ಹೊರಗಿನ ಸ್ಟೋರೇಜ್ ಪೆಟ್ಟಿಗೆಯ ಡಿಸ್ಕುಗಳು ಕ್ಲೈಂಟಿಗೆ ನೇರವಾಗಿ ಕಾಣುತ್ತವೆ, ಆದ್ದರಿಂದ ಏನು ನಿಧಾನವಾಗಿದೆ ಎಂದು ಕ್ಲೈಂಟಿನೊಳಗಿನಿಂದಲೇ ಹೆಚ್ಚಿನ ಮಟ್ಟಿಗೆ ತಿಳಿಯಬಹುದು. ಪರೀಕ್ಷೆ ಮತ್ತು ತರಬೇತಿಯ ಸಣ್ಣ ವಿಭಾಗಗಳಿಗೆ ಹಳೆಯ ಹೋಸ್ಟ್ ಪದ್ಧತಿಯೇ ಸಾಕು, ಆದರೆ ಅವುಗಳ ಸ್ಟೋರೇಜ್ ಸ್ಪೇಸುಗಳು ಹೋಸ್ಟಿನ ಸ್ವಂತ ಕೆಲಸದ ಗುಂಪಿನಲ್ಲಿರದೆ ಪ್ರತ್ಯೇಕ ಡಿಸ್ಕ್ ಗುಂಪಿನಲ್ಲಿರಬೇಕೆಂದು ಬರೆಯಲಾಗಿದೆ. ಕೋಷ್ಟಕದಲ್ಲಿ ಪ್ರತಿ ವರ್ಚುವಲ್ ಡಿಸ್ಕಿನ ಎದುರು, ಹಿಂದೆ ಅಂಚಿನಲ್ಲಿ ಪೆನ್ಸಿಲಿನಿಂದ ಇರುತ್ತಿದ್ದ ವಿವರಕ್ಕೆ ಒಂದು ಅಚ್ಚಿನ ಅಂಕಣವನ್ನೇ ಕೊಡಲಾಗಿದೆ, ಮತ್ತು ಆ ಅಂಕಣ ಖಾಲಿ ಇರುವ ಯಾವ ಡಿಸ್ಕನ್ನೂ ಚಾಲ್ತಿಗೆ ತರಬಾರದೆಂಬುದು ಒಂದು ನಿಯಮ.

ಸಂಸ್ಥೆಯ ಆಡಳಿತವು ಕೆಲವು ವಿಭಾಗಗಳನ್ನು ಕ್ಲೌಡಿಗೆ, ಅಂದರೆ ಬೇರೆಯವರ ಯಂತ್ರ ಕೋಣೆಯಲ್ಲಿ ಬಾಡಿಗೆಗೆ ಸಿಗುವ ಎಲ್‌ಪಾರ್‌ಗಳಿಗೆ ಸಾಗಿಸಲು ಬಯಸಿದೆ. ಅಲ್ಲಿ ಡಿಸ್ಕಿನ ದರ್ಜೆ ಮತ್ತು ಗಾತ್ರವನ್ನು ಆಯ್ದುಕೊಳ್ಳಬಹುದು, ಎರಡು ಡಿಸ್ಕುಗಳು ಒಂದೇ ಪೆಟ್ಟಿಗೆಯಲ್ಲಿರಬಾರದೆಂದು ಕೇಳಿಕೊಳ್ಳುವ ಸೌಲಭ್ಯವೂ ಕೆಲವೆಡೆ ಇದೆ, ಅದಕ್ಕಿಂತ ಕೆಳಗೆ ಇಳಿದು ನೋಡಲು ಬಾಡಿಗೆದಾರನಿಗೆ ದಾರಿಯಿಲ್ಲ. ಖಾಲಿ ಅಂಕಣದ ಆ ನಿಯಮದಂತೆ ನೋಡಿದರೆ ಕ್ಲೌಡಿನ ಯಾವ ಡಿಸ್ಕೂ ಚಾಲ್ತಿಗೆ ಬರುವಂತಿಲ್ಲ. ಆದ್ದರಿಂದ ತರಬೇತಿಯ ವಿಭಾಗವನ್ನು ಮೊದಲು ಕಳಿಸಿ, ತಿಂಗಳ ಕೊನೆಯ ಲೆಕ್ಕದ ಹೊರೆಯನ್ನು ಅದರ ಮೇಲೆ ಹೇರಿ ಅಳೆದು ನೋಡುವವರೆಗೆ ಸಂಬಳ ಮತ್ತು ದಾಸ್ತಾನಿನ ವಿಭಾಗಗಳು ಬೆಂಗಳೂರಿನ ಕೋಣೆಯಲ್ಲೇ ಇರಲಿ ಎಂದು ತೊರವಿಯಿಂದ ಹೋದ ವರದಿಯ ಕೊನೆಯ ಪುಟದಲ್ಲಿ ಬರೆಯಲಾಗಿದೆ. ಆಡಳಿತದ ಉತ್ತರ ಇನ್ನೂ ಬರಬೇಕಾಗಿದೆ.